ಸೂಪ್ ಡಬ್ಬಗಳ ಗೋಪುರದಲ್ಲಿ ಖಾಲಿ ಜಾಗ ಬಿಡುವ ಕುರಿತು

ದಿನಸಿ ಮಳಿಗೆಗಳ ಸಮೂಹ, ಮಿನೆಸೋಟ
ಕೇಂದ್ರ ಕಚೇರಿ, ಕಾರ್ಯಾಭಿಮಾನ ವಿಭಾಗ

ಸಂಖ್ಯೆ: ಕಾ.ಅ.ವಿ / ಸೂಪ್ / ಖಾ.ಜಾ / ೪೭ (ತಿದ್ದುಪಡಿಯ ತಿದ್ದುಪಡಿ)
ದಿನಾಂಕ: ೮ನೇ ಡಿಸೆಂಬರ್

ಸುತ್ತೋಲೆ

ವಿಷಯ: ಸಿಬ್ಬಂದಿಯು ತಮ್ಮ ಕೆಲಸದಲ್ಲಿ ಅಭಿಮಾನ ಹೊಂದುವ ಬಗ್ಗೆ, ಹೊಂದಿದ ಅಭಿಮಾನವನ್ನು ಮಿತಿಯಲ್ಲಿಡುವ ಬಗ್ಗೆ, ಹಾಗೂ ವಿಕ್‌ಸ್ಟ್ರಮ್ ಶಾಖೆಯ ಅಣಬೆ ಸೂಪ್ ಗೋಪುರದಲ್ಲಿ ಒಂದು ಡಬ್ಬದಷ್ಟು ಜಾಗ ಖಾಲಿ ಇದ್ದ, ಆಮೇಲೆ ಇಲ್ಲದಂತಾದ, ಆಮೇಲೆ ಮತ್ತೆ ಉಂಟಾದ ಬಗ್ಗೆ.

ಉಲ್ಲೇಖ:
೧. "ನನ್ನ ಕೆಲಸ, ನನ್ನ ಹೆಮ್ಮೆ" ಎಂಬ ಬಿಲ್ಲೆಯನ್ನು ಎದೆಯ ಎಡಭಾಗದಲ್ಲಿ ಧರಿಸತಕ್ಕದ್ದೆಂಬ ಸುತ್ತೋಲೆ.
೨. ಸದರಿ ಬಿಲ್ಲೆಯ ಸೂಜಿ ಚುಚ್ಚುತ್ತದೆಂಬ ದೂರುಗಳ ಮೇರೆಗೆ ಹೊರಡಿಸಿದ, ಚುಚ್ಚಿದರೂ ನಗುತ್ತಿರತಕ್ಕದ್ದೆಂಬ ಸುತ್ತೋಲೆ.
೩. ಗೋಪುರದ ಫೋಟೋ ಪರಿಶೀಲಿಸಿ ಈ ವಿಭಾಗವು ಕಳುಹಿಸಿದ ಜ್ಞಾಪನ.
೪. ಸದರಿ ಜ್ಞಾಪನಕ್ಕೆ ಶ್ರೀಮತಿ ಆರ್ಡಿಸ್ ಟೋಲೆಫ್ಸನ್ ಅವರು ನೀಡಿದ ಉತ್ತರ (ಒಂದೇ ಪದ: "ಆಯ್ತು").

ಪ್ರಸ್ತಾವನೆ:

ಸಮೂಹದ ಎಲ್ಲ ಶಾಖೆಗಳ ವ್ಯವಸ್ಥಾಪಕರು, ಕೌಂಟರಿನವರು, ಕಪಾಟು ತುಂಬುವವರು ಮತ್ತು ಗಾಡಿ ತಳ್ಳುವವರ ಗಮನಕ್ಕೆ ತರಲಾಗುವುದೇನೆಂದರೆ, ವಿಕ್‌ಸ್ಟ್ರಮ್ ಶಾಖೆಯಲ್ಲಿ ಕಪಾಟು ತುಂಬುವ ಕೆಲಸದಲ್ಲಿರುವ ಶ್ರೀಮತಿ ಆರ್ಡಿಸ್ ಟೋಲೆಫ್ಸನ್ ಅವರು ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುಂಚೆ, ಅಂಗಡಿಯ ಮೂರನೆಯ ಸಾಲಿನ ತುದಿಯಲ್ಲಿ ಅಣಬೆ ಸೂಪ್ ಡಬ್ಬಗಳ ಗೋಪುರ ಕಟ್ಟುವುದು ವಾಡಿಕೆ. ಹಬ್ಬದ ದಿನ ಹುರುಳಿಕಾಯಿ ಹಾಟ್‌ಡಿಶ್ (ಹುರಿದ ಈರುಳ್ಳಿ ಉದುರಿಸಿ ಒಂದೇ ಪಾತ್ರೆಯಲ್ಲಿ ಬೇಯಿಸುವ ತಿನಿಸು) ಒಲೆಗಿಡದ ಮನೆ ಈ ಸೀಮೆಯಲ್ಲಿ ಇಲ್ಲ. ಅಣಬೆ ಸೂಪ್ ಸುರಿಯದೆ ಹಾಟ್‌ಡಿಶ್ ಆಗುವುದಿಲ್ಲ. ಆದಕಾರಣ ಆ ವಾರ ಅಂಗಡಿಯಲ್ಲಿರುವ ಅಣಬೆ ಸೂಪ್ ಅಷ್ಟನ್ನೂ ಕಪಾಟಿನಿಂದ ತೆಗೆದು ಗೋಪುರಕ್ಕೆ ಏರಿಸಲಾಗುತ್ತದೆ. ಸೂಪ್ ಬೇಕಾದವರು ಗೋಪುರದಿಂದಲೇ ತೆಗೆದುಕೊಳ್ಳಬೇಕು, ಬೇರೆ ದಾರಿಯಿಲ್ಲ.

ಸದರಿ ಗೋಪುರಕ್ಕೆ ಅಂಟುಪಟ್ಟಿಯಾಗಲಿ ರಟ್ಟಿನ ಆಸರೆಯಾಗಲಿ ಇರುವುದಿಲ್ಲ. ಪ್ರತಿ ಡಬ್ಬದ ಚೀಟಿಯೂ ಬಾಗಿಲ ಕಡೆಗೇ ಮುಖ ಮಾಡಿರುತ್ತದೆ. ಶ್ರೀಮತಿ ಆರ್ಡಿಸ್ ಅವರು ವಿನಯವಂತರೆಂದು ಇದುವರೆಗೆ ಯಾರೂ ದೂರು ನೀಡಿರುವುದಿಲ್ಲ. "ಮಿನಿಯಾಪೊಲಿಸ್‌ನಲ್ಲಿ ಮುಗಿಲೆತ್ತರ ಕಟ್ಟಿದಾರಂತೆ, ಕಟ್ಲಿ ಬಿಡಿ. ಅದಕ್ಕೆ ಸಿಮೆಂಟ್ ಬೇಕಾಯ್ತು. ನಂಗೆ ಬೇಡ" ಎಂದು ಅವರು ಗ್ರಾಹಕರ ಮುಂದೆ ಆಡಿಕೊಂಡಿರುವುದು ತನಿಖೆಯಲ್ಲಿ ದೃಢಪಟ್ಟಿದೆ. ಇದೇ ಅಭಿಮಾನದ ಭರದಲ್ಲಿ ಅವರು ಚರ್ಚಿನ ಅಡುಗೆಮನೆಯಲ್ಲೂ, ಒಂದು ಸಾವಿನ ಮನೆಯ ಊಟದಲ್ಲೂ, ಪರರ ಉಪ್ಪಿನಕಾಯಿ ಜಾಡಿಗಳನ್ನು ಸಾಲಾಗಿ ತಿರುಗಿಸಿ ನಿಲ್ಲಿಸಿದ್ದಾರೆಂಬ ವರದಿಗಳಿವೆ.

ಈ ವರ್ಷದ ಗೋಪುರದ ಫೋಟೋವನ್ನು ನಿಯಮದಂತೆ ಕೇಂದ್ರ ಕಚೇರಿಗೆ ಕಳುಹಿಸಲಾಯಿತು. ಕೆಳಗೆ ಸಹಿ ಮಾಡಿರುವವರು (ಇನ್ನು ಮುಂದೆ "ಸಹಿದಾರರು") ಫೋಟೋವನ್ನು ದೊಡ್ಡದು ಮಾಡಿ ನೋಡಲಾಗಿ, ಎದೆಯ ಎತ್ತರದಲ್ಲಿ ಒಂದು ಡಬ್ಬ ಇಲ್ಲದಿರುವುದು ಕಂಡುಬಂತು. ಗೋಪುರ ಅಪೂರ್ಣ, ಅಪೂರ್ಣವೆಂದರೆ ಅಭಿಮಾನದ ಕೊರತೆ, ಕೂಡಲೇ ತುಂಬಿಸತಕ್ಕದ್ದು ಎಂದು ಜ್ಞಾಪನ ಹೋಯಿತು. ಆ ಜ್ಞಾಪನ ಬರೆದವರು ಸಹಿದಾರರೇ ಎಂಬುದನ್ನು ಇಲ್ಲಿ ಮುಚ್ಚಿಡುವ ಉದ್ದೇಶವಿಲ್ಲ, ಏಕೆಂದರೆ ಊರಿಗೆಲ್ಲ ಗೊತ್ತಾಗಿದೆ.

ಜ್ಞಾಪನ ತಲುಪಿದಾಗ ನಡೆದ ಮಾತುಕತೆಯನ್ನು ಶಾಖಾ ವ್ಯವಸ್ಥಾಪಕ ಶ್ರೀ ಕರ್ಟ್ ಹ್ಯಾಲ್ವರ್ಸನ್ ಅವರು ತಮ್ಮ ಹೇಳಿಕೆಯಲ್ಲಿ ಹೀಗೆ ದಾಖಲಿಸಿದ್ದಾರೆ:

"ಆ ಜಾಗ ನಾನು ಬೇಕಂತ್ಲೇ ಬಿಡೋದು ಮಾರಾಯ ಅಂದ್ಲು. ನಮ್ಮ ಜನ ನಿಂಗೆ ಗೊತ್ತಿಲ್ವಾ? ತಟ್ಟೇಲಿ ಕೊನೇ ತುಂಡು ಯಾರೂ ಮುಟ್ಟಲ್ಲ, ಹೊಸ ಕೇಕಿಗೆ ಮೊದಲು ಚಾಕು ಯಾರೂ ಹಾಕಲ್ಲ. ಯಾರೋ ಪುಣ್ಯಾತ್ಮ ಆಗ್ಲೇ ಒಂದು ತಗೊಂಡು ಹೋಗಿದಾನೆ ಅಂತ ಕಂಡ್ರೆ ತಾನೇ ಉಳಿದೋರ ಕೈ ಮುಂದೆ ಬರೋದು? ಅಂದ್ಲು. ನಾನಂದೆ, ನಂಗೆ ಗೊತ್ತು, ನಿಂಗೆ ಗೊತ್ತು, ಮೇಲಿನೋರಿಗೆ ಗೊತ್ತಿಲ್ವಲ್ಲ ತಾಯಿ, ತುಂಬಿಸಿಬಿಡು. ಅವಳ ಮೂಗಿನ ತುದಿ ಕೆಂಪಾಯ್ತು. ತುಂಬಿಸ್ತೀನಿ, ತುಂಬಿಸಿದ ಮೇಲೆ ಯಾರೂ ನನ್ನ ಹತ್ರ ಬರ್ಬೇಡಿ ಅಂದ್ಲು."

ಅದರಂತೆ ಶ್ರೀಮತಿ ಆರ್ಡಿಸ್ ಅವರು ಗೋಪುರವನ್ನು ಪೂರ್ತಿ ಇಳಿಸಿ, ಪ್ರತಿ ಡಬ್ಬವನ್ನೂ ಏಪ್ರನ್ನಿನ ಸೆರಗಿನಿಂದ ಒರೆಸಿ, ಒಂದು ಕೂದಲೆಳೆಯೂ ಒಳಹೋಗದಂತೆ ಹೊಸದಾಗಿ ಕಟ್ಟಿದರು. ಹೊಸ ಫೋಟೋ ನೋಡಿ ಸಹಿದಾರರು ಪ್ರಥಮ ದರ್ಜೆಯ ಅಭಿಮಾನ ಪ್ರಮಾಣಪತ್ರವನ್ನು ಮಂಜೂರು ಮಾಡಿದರು. ಸದರಿ ಪ್ರಮಾಣಪತ್ರವು ಇಂದಿಗೂ ಜಾರಿಯಲ್ಲಿದೆ. ಅದನ್ನು ಹಿಂಪಡೆಯುವ ವಿಧಾನ ನಿಯಮಾವಳಿಯಲ್ಲಿ ಇಲ್ಲ.

ಅಂದಿನಿಂದ ಅಣಬೆ ಸೂಪಿನ ಒಂದು ಡಬ್ಬವೂ ಮಾರಾಟವಾಗಲಿಲ್ಲ.

ಗ್ರಾಹಕರು ಬಂದರು, ನಿಂತರು, ಆಹಾ ಎಂದರು, ಫೋಟೋ ತೆಗೆದುಕೊಂಡರು, ಮಕ್ಕಳ ಕೈ ಹಿಡಿದು ಹಿಂದಕ್ಕೆ ಎಳೆದರು. ಮುಟ್ಟಿದವರು ಒಬ್ಬರೂ ಇಲ್ಲ. ಬುಧವಾರ, ಅಂದರೆ ಹಬ್ಬದ ಹಿಂದಿನ ದಿನ, ಪರಿಸ್ಥಿತಿ ಕೈಮೀರಿತು. ಊರಿನ ಅರ್ಧ ಜನ ಗೋಪುರದ ಸುತ್ತ ಗಾಡಿ ಹಿಡಿದು ನಿಂತಿದ್ದರು. ನಾಮುಂದು ತಾಮುಂದು ಎಂದು ಬೀಳುವ ಜನ ಬೇರೆ ಕಡೆ ಇರಬಹುದು, ಇಲ್ಲಿ ನೀವು ಮುಂದು ನೀವು ಮುಂದು ಎಂದು ಬೀಳುತ್ತಾರೆ. ತನಿಖೆಗಾಗಿ ಪಡೆದ ಕ್ಯಾಮೆರಾದ ಧ್ವನಿಯಲ್ಲಿ ಕೇಳಿಬಂದ ಮಾತುಗಳ ಮಾದರಿ:

"ನೀವು ತಗೊಳ್ಳಿ, ನೀವೇ ಮೊದಲು ಬಂದಿದ್ದು."

"ಅಯ್ಯೋ, ನಂಗೇನ್ ಅವಸರ. ನಿಮ್ಮನೆಗೆ ನೆಂಟರು ಬಂದಿದಾರೆ, ನೀವು ತಗೊಳ್ಳಿ."

"ನೆಂಟರು ಕಾಯ್ತಾರೆ ಬಿಡಿ. ಹೊರಗೆ ಎಂಥಾ ಹಿಮ ಅಲ್ವಾ?"

"ಹೂಂ. ಹೋದ ವರ್ಷದಷ್ಟಿಲ್ಲ."

ಲುಥೆರನ್ ಚರ್ಚಿನ ಪಾದ್ರಿಗಳು ಬಂದಾಗ, ಇವರಾದರೂ ಆರಂಭಿಸಿಯಾರೆಂದು ಜನ ದಾರಿ ಬಿಟ್ಟರು. ಪಾದ್ರಿಗಳು ಗೋಪುರವನ್ನು ಬಹಳ ಹೊತ್ತು ನೋಡಿ, ಎಲ್ಲರಿಗೂ ಹಬ್ಬದ ಶುಭ ಕೋರಿ, ಒಂದು ಪೌಂಡ್ ಬ್ರೆಡ್ ತೆಗೆದುಕೊಂಡು ಹೊರಟುಹೋದರು. ಒಬ್ಬ ಗೃಹಿಣಿಯು ಅಣಬೆಯ ಬದಲು ಸೆಲರಿ ಸೂಪ್ ಒಯ್ದಿದ್ದಾರೆ. ಅವರ ಹೆಸರನ್ನು ಅವರ ಕುಟುಂಬದ ಮಾನದ ದೃಷ್ಟಿಯಿಂದ ಕೈಬಿಡಲಾಗಿದೆ.

ಸದರಿ ಸಮಯದಲ್ಲಿ ಸಹಿದಾರರೂ ಸ್ಥಳದಲ್ಲಿ ಹಾಜರಿದ್ದರು. ಅವರು ತಪಾಸಣೆಗೆಂದು ಬಂದಿದ್ದರು. ತಪಾಸಣೆಯ ಗಾಡಿಯಲ್ಲಿ ಹುರುಳಿಕಾಯಿ ಮತ್ತು ಹುರಿದ ಈರುಳ್ಳಿಯ ಡಬ್ಬ ಇದ್ದವು. ಮಧ್ಯಾಹ್ನವಿಡೀ ಅವರು "ನೀವು ಮೊದಲು" ಎಂದು ಎಷ್ಟು ಜನರಿಗೆ ಹೇಳಿದರೆಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

ಶ್ರೀಮತಿ ಆರ್ಡಿಸ್ ಅವರು ಇಷ್ಟೆಲ್ಲ ನಡೆಯುವಾಗ ಕೈಕಟ್ಟಿ ಪಕ್ಕದಲ್ಲೇ ನಿಂತಿದ್ದರು. ಕೌಂಟರಿನ ಶ್ರೀಮತಿ ಲವೋನ್ ಅವರ ಹೇಳಿಕೆ: "ಅವಳ ಮುಖ ನೋಡ್ಬೇಕಿತ್ತು. ಮಗಳ ಮದುವೇಲಿ ಬೀಗರನ್ನ ನೋಡ್ಕೊಂಡು ನಿಂತ ಹಾಗೆ ನಿಂತಿದ್ಲು. ನಾನು ಹೋಗಿ ಹೇಳ್ದೆ, ಆರ್ಡಿಸ್, ಒಂದು ಡಬ್ಬ ಕಿತ್ತು ಕೈಗೆ ಕೊಡೇ, ಪಾಪ ಜನ ಅಂತ. ಮೇಲಿನೋರ ಆರ್ಡರ್ ಕಣೇ, ನಾನು ಮುಟ್ಟೋ ಹಾಗಿಲ್ಲ ಅಂದ್ಲು. ಅಷ್ಟು ಖುಷಿಯಾಗಿ ಯಾರೂ ಆರ್ಡರ್ ಪಾಲಿಸಿದ್ದು ನಾನು ಕಂಡಿಲ್ಲ."

ಹೀಗಿರುವಾಗ ಶ್ರೀ ಹಾರ್ಲನ್ ನೀಗಾರ್ಡ್ ಎಂಬ ಹಿರಿಯ ಗ್ರಾಹಕರು ಬಂದರು. ಇವರ ಪತ್ನಿ ಮಾವಿಸ್ ಈ ವಸಂತದಲ್ಲಿ ತೀರಿಕೊಂಡಿರುತ್ತಾರೆ. ಅವರಿಲ್ಲದೆ ಇದು ಇವರ ಮೊದಲ ಹಬ್ಬ. ಹಾಟ್‌ಡಿಶ್ ಅನ್ನು ತಾನೇ ಮಾಡಿ, ಮಗಳ ಮನೆಗೆ ಒಯ್ದು, ಮಾವಿಸ್ ಇಡುತ್ತಿದ್ದ ಜಾಗದಲ್ಲೇ ಇಡುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಗೋಪುರದ ಮುಂದೆ ನಿಂತರು.

"ಆರ್ಡಿಸ್, ಇದು ಮಾರೋಕೆ ಇಟ್ಟಿರೋದಾ, ನೋಡೋಕೆ ಇಟ್ಟಿರೋದಾ?" ಎಂದು ಕೇಳಿದರು.

"ಮೇಲಿನೋರನ್ನ ಕೇಳಿ" ಎಂದು ಶ್ರೀಮತಿ ಆರ್ಡಿಸ್ ಉತ್ತರಿಸಿದರು.

ಮೇಲಿನವರು ಎರಡು ಗಾಡಿ ಆಚೆ ನಿಂತು ಹುರಿದ ಈರುಳ್ಳಿ ಡಬ್ಬದ ಚೀಟಿ ಓದುತ್ತಿದ್ದರು.

"ಇರ್ಲಿ ಬಿಡು ತಾಯಿ. ಇಷ್ಟು ಚೆನ್ನಾಗಿ ಕಟ್ಟಿರೋದನ್ನ ಕೆಡಿಸೋಕೆ ಮನಸ್ಸು ಬರಲ್ಲ. ಮಾವಿಸ್ ಇದ್ದಿದ್ರೆ ಫೋಟೋ ತೆಗೀತಿದ್ಲು" ಎಂದು ಹೇಳಿ ಶ್ರೀ ನೀಗಾರ್ಡ್ ಅವರು ಖಾಲಿ ಕೈಯಲ್ಲಿ ಬಾಗಿಲ ಕಡೆ ನಡೆದರು.

ಮುಂದಿನದನ್ನು ಶ್ರೀಮತಿ ಆರ್ಡಿಸ್ ಅವರ ಮಾತಿನಲ್ಲೇ ದಾಖಲಿಸಲಾಗಿದೆ: "ಎಂಥಾ ಕೆಲಸ ಮಾಡ್ಬಿಟ್ಟೆ ನಾನು! ಆ ಮನುಷ್ಯನ ಹೆಂಡ್ತಿಗೆ ಪ್ರತಿ ವರ್ಷ ಸೂಪ್ ಕೊಟ್ಟಿರೋಳು ನಾನು. ನನ್ನ ಸೂಪ್ ಯಾರ ಮನೇಗೂ ಹೋಗ್ಲಿಲ್ಲ ಅಂದ್ಮೇಲೆ ಅದು ಗೋಪುರ ಆದ್ರೇನು, ಗೋಡೆ ಆದ್ರೇನು? ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತಾರೆ. ನಾನು ಬಡಿಸೋಳು. ಬಡಿಸೋಳೇ ಕೈ ಕಟ್ಕೊಂಡು ನಿಂತ್ರೆ?"

ಸದರಿಯವರು ಎದೆಯ ಎತ್ತರದಲ್ಲಿದ್ದ ಒಂದು ಡಬ್ಬವನ್ನು ಗೋಪುರದಿಂದ ಎಳೆದರು. ಗೋಪುರ ಅಲುಗಲಿಲ್ಲ. ಡಬ್ಬ ಹಿಡಿದು, ಬಿಲ್ ಮಾಡಿಸದೆ, ಕೋಟು ಹಾಕದೆ, ಬಿಲ್ಲೆಯನ್ನೂ ಧರಿಸದೆ, ಹಿಮ ಬೀಳುತ್ತಿದ್ದ ಪಾರ್ಕಿಂಗ್ ಜಾಗಕ್ಕೆ ಓಡಿದರು. ಶ್ರೀ ನೀಗಾರ್ಡ್ ಅವರು ತಮ್ಮ ಪಿಕಪ್ ಗಾಡಿಯನ್ನು ಚಾಲೂ ಮಾಡಿದ್ದರು. ಅವರ ಹೇಳಿಕೆ ಹೀಗಿದೆ:

"ಕಿಟಕಿ ಬಡಿದ್ಲು. ಇಳಿಸ್ದೆ. ಕೋಟು ಎಲ್ಲಮ್ಮ, ಶೀತ ಆಗುತ್ತೆ ಅಂದೆ. ಶೀತ ಹಾಳಾಗ್ಲಿ, ಇದನ್ನ ಹಿಡ್ಕೊಳ್ಳಿ ಅಂದ್ಲು. ಅಯ್ಯೋ ಬೇಡ, ಯಾಕೆ ಕೆಡಿಸೋಕೆ ಹೋದೆ ಅಂದೆ. ಅದಕ್ಕೆ ಅವಳು, ಬೇಡ ಅಂತ ಮೂರು ಸಲ ಅನ್ಬೇಕು ಅಂತ ನಂಗೂ ಗೊತ್ತು ಯಜಮಾನ್ರೇ, ಮೂರೂ ಒಟ್ಟಿಗೇ ಅಂದು ಮುಗಿಸಿಬಿಡಿ, ನಂಗೆ ಚಳಿ ಆಗ್ತಿದೆ ಅಂದ್ಲು. ಆಗ ನಾನು ಬೇಡ ಬೇಡ ಬೇಡ ಅಂದು ತಗೊಂಡೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೋರಿಸ್ದೆ, ಕ್ಷಮಿಸಿ ಅಂದ್ಲು. ಅತ್ತೆ ಯಾರು ಅಂತ ನಂಗೆ ಆಗ ಗೊತ್ತಾಗ್ಲಿಲ್ಲ."

ಅತ್ತೆ ಯಾರೆಂಬುದನ್ನು ತನಿಖೆಯಲ್ಲಿ ಖಚಿತಪಡಿಸಿಕೊಳ್ಳಲಾಗಿದೆ. ಸಹಿದಾರರೇ.

ಇತ್ತ ಗೋಪುರದಲ್ಲಿ ಒಂದು ಜಾಗ ಖಾಲಿಯಾಗಿರುವುದನ್ನು ಜನ ಕಂಡರು. ಯಾರೋ ಆರಂಭಿಸಿಯಾಯಿತು ಎಂಬ ಸಮಾಧಾನ ಎಲ್ಲರ ಮುಖದ ಮೇಲೆ ಮೂಡಿತು. ಶ್ರೀಮತಿ ಆರ್ಡಿಸ್ ತಲೆಯ ಮೇಲಿನ ಹಿಮ ಕೊಡವಿಕೊಂಡು ಒಳಬರುವಷ್ಟರಲ್ಲಿ ನೆಲ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಸಹಿದಾರರು ಕೊನೆಯ ಡಬ್ಬವನ್ನು ಕೈಗೆ ತೆಗೆದುಕೊಂಡಿದ್ದರಾದರೂ, ಪಕ್ಕದಲ್ಲಿದ್ದ ಮಹಿಳೆಯೊಬ್ಬರಿಗೆ "ನೀವು ತಗೊಳ್ಳಿ" ಎಂದುಬಿಟ್ಟರು. ಆ ಮಹಿಳೆ ಒಂದು ಸಲವೂ ಬೇಡವೆನ್ನದೆ ತೆಗೆದುಕೊಂಡರು. ಅವರು ಪಕ್ಕದ ರಾಜ್ಯ ಅಯೋವಾದ ಕಡೆಯವರೆಂದು ಆಮೇಲೆ ತಿಳಿದುಬಂತು.

ಮೇಲ್ಕಂಡ ವರ್ತನೆಯಲ್ಲಿ ಶ್ರೀಮತಿ ಆರ್ಡಿಸ್ ಟೋಲೆಫ್ಸನ್ ಅವರ ಮೇಲೆ ಈ ಆರೋಪಗಳು ಸಾಬೀತಾಗಿವೆ: ಬಿಲ್ಲಾಗದ ಸರಕನ್ನು ಬಾಗಿಲಾಚೆ ಒಯ್ದದ್ದು, ಕೆಲಸದ ವೇಳೆಯಲ್ಲಿ ಓಡಿದ್ದು, ಮತ್ತು ಪ್ರಥಮ ದರ್ಜೆಯ ಪ್ರಮಾಣಪತ್ರ ಪಡೆದ ಗೋಪುರವನ್ನು ಪ್ರಮಾಣಪತ್ರದ ಅವಧಿಯಲ್ಲೇ ಭಂಗಪಡಿಸಿದ್ದು. ಡಬ್ಬದ ಬಿಲ್ ಅನ್ನು ಶ್ರೀ ನೀಗಾರ್ಡ್ ಅವರು ಶುಕ್ರವಾರ ಬಂದು ತಾವಾಗಿಯೇ ಮಾಡಿಸಿದರಾದರೂ, ಬಾಗಿಲು ದಾಟಿದ ಸರಕು ದಾಟಿದ್ದೇ. ನಿಯಮಾವಳಿಯಂತೆ ಇದಕ್ಕೆ ಒಂದೇ ಶಿಕ್ಷೆ, ಕೆಲಸದಿಂದ ತೆಗೆಯುವುದು. ಸದರಿ ಶಿಕ್ಷೆಯನ್ನು ಕೆಳಗೆ ಕಂಡಿಕೆ ೯ರಲ್ಲಿ ವಿಧಿಸಲಾಗಿದೆ.

ಆದ್ದರಿಂದ, ಮುಂದೆ ಇಂಥ ಘಟನೆಗಳು ಮರುಕಳಿಸದಂತೆ, ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ಸಮೂಹದ ಎಲ್ಲ ಗೋಪುರಗಳಲ್ಲೂ ಒಂದು ಡಬ್ಬದಷ್ಟು ಖಾಲಿ ಜಾಗ ಬಿಡತಕ್ಕದ್ದು. ಇದನ್ನು "ಅಧಿಕೃತ ಖಾಲಿ ಜಾಗ" ಎಂದು ಕರೆಯತಕ್ಕದ್ದು. ಖಾಲಿ ಜಾಗಗಳನ್ನು ಕೇಂದ್ರ ಕಚೇರಿಯಿಂದಲೇ ಸರಬರಾಜು ಮಾಡಲಾಗುವುದು. ಸರಬರಾಜು ತಲುಪುವವರೆಗೆ ಶಾಖೆಗಳು ಸ್ಥಳೀಯವಾಗಿ ದೊರೆಯುವ ಖಾಲಿ ಜಾಗವನ್ನು ತಾತ್ಕಾಲಿಕವಾಗಿ ಬಳಸಬಹುದು.

೨. ಅಧಿಕೃತ ಖಾಲಿ ಜಾಗವನ್ನು ಪ್ರತಿದಿನ ಬೆಳಿಗ್ಗೆ ಪರಿಶೀಲಿಸಿ, ಅದರೊಳಗೆ ಏನೂ ಇಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಏನೂ ಇಲ್ಲದಿರುವುದರಲ್ಲಿ ಏನಾದರೂ ಕಡಿಮೆಯಾಗಿದ್ದರೆ ಶಾಖಾ ವ್ಯವಸ್ಥಾಪಕರೇ ಹೊಣೆ.

೩. ಖಾಲಿ ಜಾಗವು ಸರಾಸರಿ ಗ್ರಾಹಕರ ಕೈಗೆ ಎಟುಕುವಂತಿರತಕ್ಕದ್ದು. ಸರಾಸರಿ ಗ್ರಾಹಕರೊಬ್ಬರನ್ನು ಗುರುತಿಸುವ ಕಾರ್ಯ ಪ್ರಗತಿಯಲ್ಲಿದೆ. ಅಲ್ಲಿಯವರೆಗೆ ಶ್ರೀ ಕರ್ಟ್ ಹ್ಯಾಲ್ವರ್ಸನ್ ಅವರನ್ನು ಸರಾಸರಿಯೆಂದು ಭಾವಿಸತಕ್ಕದ್ದು. ಇದಕ್ಕೆ ಅವರ ಪತ್ನಿಯ ಆಕ್ಷೇಪಣೆ ಇಲ್ಲ.

೪. ಮನಸ್ಸು ಬದಲಿಸಿದ ಗ್ರಾಹಕರು ತಾವು ತೆಗೆದ ಡಬ್ಬವನ್ನು ಮರಳಿ ಅಧಿಕೃತ ಖಾಲಿ ಜಾಗದಲ್ಲೇ ಇಟ್ಟಲ್ಲಿ, ಅವರನ್ನು ಗದರಿಸತಕ್ಕದ್ದಲ್ಲ. ಹತ್ತಿರದ ಸಿಬ್ಬಂದಿ ಆ ಡಬ್ಬವನ್ನು ತಾವೇ ಖರೀದಿಸಿ ಖಾಲಿತನವನ್ನು ಕಾಪಾಡತಕ್ಕದ್ದು.

೫. ಗ್ರಾಹಕರು ಪರಸ್ಪರ "ನೀವು ಮೊದಲು" ಎನ್ನುವುದನ್ನು ಊರಿನ ವಾಡಿಕೆಯಂತೆ ಮೂರು ಬಾರಿ ಅನುಮತಿಸಲಾಗಿದೆ. ಮೂರನೆಯದು ಮುಗಿದ ಕೂಡಲೇ ಹಾಜರಿರುವ ಸಿಬ್ಬಂದಿಯೆಲ್ಲ ಕಿಟಕಿಯ ಕಡೆ ತಿರುಗಿ "ಎಂಥಾ ಹಿಮ!" ಎಂದು ಗಟ್ಟಿಯಾಗಿ ಹೇಳತಕ್ಕದ್ದು, ಗ್ರಾಹಕರು ಆ ಅವಧಿಯಲ್ಲಿ ಯಾರ ಕಣ್ಣಿಗೂ ಬೀಳದೆ ಡಬ್ಬ ತೆಗೆದುಕೊಳ್ಳಬಹುದು. ಜುಲೈ ತಿಂಗಳಲ್ಲಿ "ಎಂಥಾ ಸೊಳ್ಳೆ!" ಎಂದು ಓದಿಕೊಳ್ಳುವುದು.

೬. ಅಭಿಮಾನವನ್ನು ಕೆಲಸದ ವೇಳೆಯಲ್ಲಿ ಮಾತ್ರ ಹೊಂದತಕ್ಕದ್ದು. ಮಿಕ್ಕ ಅಭಿಮಾನವನ್ನು ಮನೆಗೆ ಒಯ್ಯತಕ್ಕದ್ದಲ್ಲ. ಚರ್ಚು, ಆಸ್ಪತ್ರೆ, ಸಾವಿನ ಮನೆ ಮತ್ತು ಪ್ರತಿಸ್ಪರ್ಧಿ ಅಂಗಡಿಗಳಲ್ಲಿ ಪರರ ಡಬ್ಬಗಳನ್ನು ನೇರಗೊಳಿಸುವುದನ್ನು ನಿಷೇಧಿಸಲಾಗಿದೆ. ಕೈ ತಡೆಯಲಾಗದವರು ಜೇಬಿನಲ್ಲಿ ಕೈ ಇಟ್ಟುಕೊಳ್ಳುವುದು.

೭. ಗ್ರಾಹಕರೊಬ್ಬರು ಖಾಲಿ ಕೈಯಲ್ಲಿ, ಭಾರವಾದ ಮನಸ್ಸಿನಿಂದ ಬಾಗಿಲ ಕಡೆ ಹೊರಟರೆ, ಸಿಬ್ಬಂದಿಯು ಮೊದಲು ಸದರಿ ಮನಸ್ಸಿನ ಭಾರವನ್ನು ಅಂದಾಜು ಮಾಡಿ, ವ್ಯವಸ್ಥಾಪಕರ ಅನುಮತಿ ಪಡೆದು, ಕೋಟು ಧರಿಸಿ, ನಂತರ ಓಡತಕ್ಕದ್ದು. ವ್ಯವಸ್ಥಾಪಕರು ಊಟಕ್ಕೆ ಹೋಗಿದ್ದಲ್ಲಿ ಮೊದಲು ಓಡಿ, ಅಂದಾಜನ್ನು ಆಮೇಲೆ ಮಾಡಬಹುದು. ಪ್ರತಿ ಶಾಖೆಯ ಬಾಗಿಲ ಬಳಿ ಇದಕ್ಕಾಗಿ ಒಂದು ಕೋಟನ್ನು ತೂಗುಹಾಕತಕ್ಕದ್ದು. ಕೋಟು ಎಲ್ಲರ ಮೈಗೂ ಸಾಲುವಷ್ಟು ದೊಡ್ಡದಿರಬೇಕು. ಬಿಲ್ಲೆಗಳಿಗೆಂದು ತೆಗೆದಿರಿಸಿದ್ದ ಹಣವನ್ನು ಕೋಟುಗಳಿಗೆ ಬಳಸಿಕೊಳ್ಳಲು ಸಹಿದಾರರು ಅನುಮತಿ ನೀಡಿದ್ದಾರೆ.

೮. ತನಿಖೆಯ ಸಾಕ್ಷ್ಯವಾಗಿ ಶ್ರೀ ಹಾರ್ಲನ್ ನೀಗಾರ್ಡ್ ಅವರು, ಸದರಿ ಡಬ್ಬದ ಸೂಪಿನಿಂದಲೇ ಮಾಡಿದ ಹಾಟ್‌ಡಿಶ್‌ನಲ್ಲಿ ಉಳಿದದ್ದನ್ನು ಪಾತ್ರೆ ಸಮೇತ ಹಾಜರುಪಡಿಸಿದರು. ಮೇಲೆ ಈರುಳ್ಳಿ ಸ್ವಲ್ಪ ಸೀದಿತ್ತು, ಉಪ್ಪು ಹೆಚ್ಚಾಗಿತ್ತು. ಮಗಳ ಮನೆಯಲ್ಲಿ ಪಾತ್ರೆ ಮೇಜಿಗೆ ಬಂದಾಗ ಮೊದಲು ಯಾರೂ ಕೈ ಹಾಕಲಿಲ್ಲವೆಂದೂ, ಅದು ಅಮ್ಮನ ಜಾಗವೆಂದು ಎಲ್ಲರೂ ತಟ್ಟೆ ಹಿಡಿದು ಕಾದರೆಂದೂ, ಕೊನೆಗೆ ತಾನೇ ಒಂದು ಚಮಚ ತೆಗೆದು ಮೂಲೆಯಲ್ಲಿ ಜಾಗ ಮಾಡಿದ್ದಾಗಿಯೂ, "ಆಮೇಲೆ ಎಲ್ರೂ ಬಡಿಸ್ಕೊಂಡ್ರು, ಎಲ್ರೂ ಅತ್ರು, ಎಲ್ರೂ ಇನ್ನೊಂದ್ಸಲ ಬಡಿಸ್ಕೊಂಡ್ರು" ಎಂದೂ ಅವರು ಹೇಳಿಕೆ ನೀಡಿದ್ದಾರೆ. ಸಾಕ್ಷ್ಯವನ್ನು ತನಿಖಾ ಸಮಿತಿ ಪರಿಶೀಲಿಸಿತು. ಮೊದಲ ಬೈಠಕ್ಕಿನಲ್ಲೇ ಸಾಕ್ಷ್ಯ ಬಹುತೇಕ ಮುಗಿಯಿತು. ಕೊನೆಯ ತುಂಡನ್ನು ಸಮಿತಿಯ ಸದಸ್ಯರು ಯಾರೂ ತೆಗೆದುಕೊಳ್ಳಲು ಒಪ್ಪದ ಕಾರಣ ಅದನ್ನು ಅರ್ಧ ಮಾಡಲಾಯಿತು. ಉಳಿದರ್ಧವನ್ನೂ ಅರ್ಧ ಮಾಡಲಾಯಿತು. ಈಗ ಉಳಿದಿರುವ ಒಂದು ಹುರುಳಿಕಾಯಿಯನ್ನು ಕಚೇರಿಯ ಫ್ರಿಜ್ಜಿನಲ್ಲಿ ಕಾಯ್ದಿರಿಸಲಾಗಿದೆ. ಅದನ್ನು ಯಾರೂ ಎಸೆಯತಕ್ಕದ್ದಲ್ಲ, ತಿನ್ನತಕ್ಕದ್ದೂ ಅಲ್ಲ.

೯.

೧೦. ಈ ಸುತ್ತೋಲೆಯ ಕರಡನ್ನು ಶ್ರೀಮತಿ ಆರ್ಡಿಸ್ ಟೋಲೆಫ್ಸನ್ ಅವರಿಗೆ ನಿಯಮದಂತೆ ಮೂರನೆಯ ಸಾಲಿನ ತುದಿಯಲ್ಲಿ, ನಿಂತಲ್ಲೇ ಓದಿ ಹೇಳಲಾಯಿತು. ಅವರು ಕ್ರಿಸ್‌ಮಸ್ಸಿನ ಕೋಕೋ ಡಬ್ಬಗಳನ್ನು ಜೋಡಿಸುತ್ತಾ ಕೇಳಿಸಿಕೊಂಡರು. ಒಂದರಿಂದ ಎಂಟರವರೆಗೆ ಅಲ್ಲಲ್ಲಿ ಮೂಗು ಮುರಿದರು. ಕಂಡಿಕೆ ೯ ಓದಿದಾಗ ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟರು, ಏಪ್ರನ್ ಬಿಚ್ಚಿದರು, ನಾಲ್ಕು ಮಡಿಕೆ ಮಾಡಿ ಅಂಚಿಗೆ ಅಂಚು ಕೂಡಿಸಿ ಕಪಾಟಿನ ಮೇಲಿಟ್ಟರು. ಆಮೇಲೆ, ಓರೆಯಾಗಿದ್ದ ಒಂದು ಕೋಕೋ ಡಬ್ಬವನ್ನು ತಡೆಯಲಾರದೆ ನೇರ ಮಾಡಿದರು. ಇದನ್ನು ಕೆಲಸದ ವೇಳೆಯ ಹೊರಗಿನ ಅಭಿಮಾನವೆಂದು ಪರಿಗಣಿಸಬೇಕೇ ಎಂಬ ಪ್ರಶ್ನೆ ಸಹಿದಾರರ ಮನಸ್ಸಿನಲ್ಲಿ ಎದ್ದಿತು. ಆ ಪ್ರಶ್ನೆಯನ್ನು ಮುಂದಿನ ಬೈಠಕ್ಕಿಗೆ ಮುಂದೂಡಲಾಗಿದೆ.

೧೧. ಓದಿ ಮುಗಿದ ಮೇಲೆ ಆ ಬಗ್ಗೆ ತಮ್ಮ ಆಕ್ಷೇಪಣೆ ಏನೆಂದು ಕೇಳಲಾಗಿ, ಸದರಿಯವರು ತಮ್ಮ ಕೆಲಸದ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಹಾಳೆಗಳನ್ನು ಕೈಗೆ ತೆಗೆದುಕೊಂಡು, ಗೋಪುರ ನೋಡುವಂತೆ ಕೊಂಚ ದೂರ ಹಿಡಿದು ನೋಡಿ, ಹೀಗೆ ಹೇಳಿದರು: "ಅಬ್ಬಬ್ಬಾ, ಎಷ್ಟು ಬಿಗಿಯಾಗಿ ಕಟ್ಟಿದೀರಪ್ಪಾ! ಸೂಜಿ ಹೋಗೋಕೂ ಜಾಗ ಇಲ್ಲ. ಇದನ್ನ ಯಾರು ಮುಟ್ತಾರೆ? ನಿಮ್ಮ ಹಿಂದಿನ ಸುತ್ತೋಲೆಗಳನ್ನೂ ಯಾರೂ ಮುಟ್ಟಿಲ್ಲ, ಗೋಡೆ ಮೇಲೆ ಹಾಗೇ ಇವೆ. ಜನ ಕೈ ಹಾಕ್ಬೇಕು ಅಂದ್ರೆ ಒಂದು ಕಡೆ ಖಾಲಿ ಬಿಡ್ಬೇಕು. ಒಂದನ್ನ ತೆಗೀರಿ." ಕಾರ್ಯಾಭಿಮಾನದ ವಿಷಯದಲ್ಲಿ ಈ ವಿಭಾಗಕ್ಕೆ ಹೊರಗಿನಿಂದ ಬಂದ ಮೊದಲ ಸಲಹೆ ಇದಾಗಿರುವುದರಿಂದ ಇದನ್ನು ಅಂಗೀಕರಿಸಲಾಗಿದೆ.

೧೨. ಈ ಸುತ್ತೋಲೆಯಲ್ಲಿ ಮುದ್ರಣದ ವೇಳೆ ಒಂದು ಕಂಡಿಕೆ ಬಿಟ್ಟುಹೋಗಿದೆಯೆಂದು ಯಾವ ಶಾಖೆಯೂ ಫೋನು ಮಾಡತಕ್ಕದ್ದಲ್ಲ. ಸುತ್ತೋಲೆಯಲ್ಲಿ ಇಲ್ಲದ ಕಂಡಿಕೆಯನ್ನು ಜಾರಿಗೊಳಿಸಲು ಯಾರಿಗೂ ಅಧಿಕಾರವಿರುವುದಿಲ್ಲ. ಸದರಿ ಖಾಲಿ ಜಾಗವನ್ನು ಯಾರಾದರೂ ತುಂಬಿಸಲು ಯತ್ನಿಸಿದಲ್ಲಿ ಕಂಡಿಕೆ ೨ರಂತೆ ಕ್ರಮ ಜರುಗಿಸಲಾಗುವುದು.

ಮೇಲ್ಕಂಡದ್ದನ್ನು ಎಲ್ಲರೂ ಓದಿ, ಅಂಗಡಿ ತೆರೆಯುವ ಮುಂಚೆ ಮರೆಯದೆ, ತೆರೆದ ಮೇಲೆ ನೆನಪಿಟ್ಟು ನಡೆಯತಕ್ಕದ್ದು.

(ಸಹಿ)
ಉಪ ನಿರ್ದೇಶಕರು
ಕಾರ್ಯಾಭಿಮಾನ ವಿಭಾಗ
(ಹಬ್ಬದ ದಿನ ಹಾಟ್‌ಡಿಶ್ ಇಲ್ಲದೆ ಊಟ ಮಾಡಿದವರು)

ಪ್ರತಿಗಳು:

೧. ಎಲ್ಲ ಶಾಖಾ ವ್ಯವಸ್ಥಾಪಕರಿಗೆ: ಗೋಡೆಗೆ ಅಂಟಿಸಲು. ನೇರವಾಗಿ.

೨. ಶ್ರೀ ಕರ್ಟ್ ಹ್ಯಾಲ್ವರ್ಸನ್ ಅವರಿಗೆ: ಸರಾಸರಿ ಗ್ರಾಹಕರ ಹೆಚ್ಚುವರಿ ಹೊಣೆಗಾಗಿ. ಕೈ ಚಾಚಿದ ಎತ್ತರವನ್ನು ಅಳೆದು ಕಳುಹಿಸುವುದು.

೩. ಲುಥೆರನ್ ಚರ್ಚಿನ ಪಾದ್ರಿಗಳಿಗೆ: ಮುಂದಿನ ವರ್ಷ ಬ್ರೆಡ್ ಒಯ್ಯುವ ಮುಂಚೆ ಒಂದು ಡಬ್ಬ ಮುಟ್ಟಿಹೋಗಬೇಕೆಂಬ ವಿನಂತಿಯೊಂದಿಗೆ.

೪. ಶ್ರೀ ಹಾರ್ಲನ್ ನೀಗಾರ್ಡ್ ಅವರಿಗೆ: ಪಾತ್ರೆ ಸಮೇತ. ಪರರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವ ಪದ್ಧತಿ ಇಲ್ಲದಿರುವುದರಿಂದ ಸಹಿದಾರರ ಪತ್ನಿ ಅದರಲ್ಲಿ ಶುಂಠಿ ಬಿಸ್ಕತ್ತು ಹಾಕಿದ್ದಾರೆ. ಸಹಿದಾರರು ಒಂದನ್ನು ತೆಗೆದು ಮೂಲೆಯಲ್ಲಿ ಜಾಗ ಮಾಡಿರುತ್ತಾರೆ, ಸಂಕೋಚಪಡುವುದು ಬೇಡ.

೫. ಕಚೇರಿಯ ಫ್ರಿಜ್ಜಿಗೆ: ಮೇಲೆ ಅಂಟಿಸಲು.

೬. ಶ್ರೀಮತಿ ಆರ್ಡಿಸ್ ಟೋಲೆಫ್ಸನ್ ಅವರಿಗೆ, ಏಪ್ರನ್ನಿನೊಂದಿಗೆ: ಒಂದನ್ನು ತೆಗೆಯಿರಿ ಎಂದಿರಿ, ಯಾವುದನ್ನೆಂದು ಹೇಳಲಿಲ್ಲ. ಕೈಗೆ ಎಟುಕಿದ್ದನ್ನು ತೆಗೆಯಲಾಗಿದೆ. ಸೋಮವಾರ ಬೆಳಿಗ್ಗೆ ಎಂದಿನಂತೆ ಬರುವುದು.